ಪಾಲಿನ ರೆಕ್ಕೆ, ಕಿರಿದಾದ ಬಾಗಿಲು

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ದೂರದ ಪ್ಯಾರಿಸ್‌ನಲ್ಲಿ, ಹಲವು ದೇಶಗಳ ಹಾರಾಟ ಕ್ಲಬ್ಬುಗಳು ಸೇರಿ ತಮ್ಮದೊಂದು ಅಂತರರಾಷ್ಟ್ರೀಯ ಒಕ್ಕೂಟ ರಚಿಸಿಕೊಂಡವು. ಒಂದಕ್ಕೆ ಇನ್ನೊಂದರ ಸುದ್ದಿಯೂ ಇದ್ದಿರಲಾರದು. ಆದರೆ ಎರಡರ ಹಿಂದೆಯೂ ಇದ್ದ ಲೆಕ್ಕ ಒಂದೇ: ಒಬ್ಬನ ಕೈಗೆ ಎಟುಕದ್ದನ್ನು ಹತ್ತು ಜನ ಸೇರಿ ತಂದುಕೊಳ್ಳುವುದು. ಮುಂದೆ ಗದಗ–ಹುಬ್ಬಳ್ಳಿ ರಸ್ತೆಯ ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರಂಥ ಮುಂದಾಳುಗಳ ಕಾಲಕ್ಕೆ ಈ ಲೆಕ್ಕ ಸಹಕಾರಿ ಜವಳಿ ಗಿರಣಿಯವರೆಗೂ ಬೆಳೆಯಿತು. ಹೀಗಾಗಿ ಆರಂಭದ ಫ್ಲೈಯಿಂಗ್ ಕ್ಲಬ್ಬುಗಳನ್ನು ಹುಲಕೋಟಿಯಲ್ಲಿ ನಿಂತು ನೋಡಿದರೆ ಸಾಹಸದ ಕಥೆಗಳಿಗಿಂತ ಮೊದಲು ಬೇರೆ ಪ್ರಶ್ನೆಗಳು ಏಳುತ್ತವೆ. ಯಂತ್ರ ಯಾರದು? ಪಾಲು ಯಾರಿಗೆ ಸಿಕ್ಕಿತು? ಸರ್ಕಾರದ ದುಡ್ಡು ಯಾರ ಹಾರಾಟಕ್ಕೆ ಹೋಯಿತು?

ಕ್ಲಬ್ಬುಗಳ ಹುಟ್ಟು ಶ್ರೀಮಂತರ ವಿಹಾರದಲ್ಲಿ ಆಯಿತು ಎನ್ನುವುದನ್ನು ಮುಚ್ಚಿಡುವಂತಿಲ್ಲ. ಬ್ರಿಟನ್ನಿನ ಏರೋ ಕ್ಲಬ್ಬಿನ ಯೋಚನೆ ಮೊಳೆತದ್ದು 1901ರಲ್ಲಿ, ಬಲೂನಿನಲ್ಲಿ ತೇಲುತ್ತಿದ್ದ ಮದ್ಯವ್ಯಾಪಾರಿ ಫ್ರಾಂಕ್ ಹೆಜಸ್ ಬಟ್ಲರ್, ಆತನ ಮಗಳು ವೆರಾ ಮತ್ತು ಮುಂದೆ ರೋಲ್ಸ್ ರಾಯ್ಸ್ ಕಾರಿಗೆ ಹೆಸರು ಕೊಟ್ಟ ಚಾರ್ಲ್ಸ್ ರೋಲ್ಸ್ ನಡುವಿನ ಮಾತಿನಲ್ಲಿ. 1909ರಲ್ಲಿ ಶಾರ್ಟ್ ಸಹೋದರರು ರೈಟ್ ಮಾದರಿಯ ಆರು ವಿಮಾನಗಳನ್ನು ಕಟ್ಟಿಕೊಟ್ಟಾಗ ಅವುಗಳನ್ನು ಕೊಂಡವರೂ ಈ ಕ್ಲಬ್ಬಿನ ಸದಸ್ಯರೇ. ಅದೇ ವರ್ಷ ಮೂರ್-ಬ್ರಬಝಾನ್ ಎಂಬ ಸದಸ್ಯ ಒಂದು ಹಂದಿಮರಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಹಾರಿದ. ಪತ್ರಿಕೆಗಳಿಗೆ ಇಂಥದ್ದೇ ರುಚಿಸುತ್ತಿತ್ತು. ಇಂದಿಗೂ ಆ ಕಾಲದ ಬಗ್ಗೆ ಬರೆಯುವವರು ಹಂದಿಮರಿಯನ್ನು ಮರೆಯುವುದಿಲ್ಲ.

ಮರೆಯುವುದು ಅದಕ್ಕಿಂತ ದೊಡ್ಡ ಸಂಗತಿಯನ್ನು. 1910ರ ಮಾರ್ಚ್‌ನಲ್ಲಿ ಅದೇ ಮೂರ್-ಬ್ರಬಝಾನ್‌ಗೆ ಕ್ಲಬ್ಬು ಒಂದನೇ ಸಂಖ್ಯೆಯ ವೈಮಾನಿಕ ಪ್ರಮಾಣಪತ್ರ ಕೊಟ್ಟಿತು. ಈ ಪ್ರಮಾಣಪತ್ರಕ್ಕೆ ಬೇಗನೆ ಖಚಿತವಾದ ಪರೀಕ್ಷೆಯೊಂದು ರೂಪುಗೊಂಡಿತು. ಎರಡು ಕಂಬಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತುತ್ತ ನಿಗದಿತ ದೂರ ಹಾರಬೇಕು, 50 ಮೀಟರ್ ಎತ್ತರಕ್ಕೆ ಏರಬೇಕು, ಇಳಿಯುವಾಗ ಎಂಜಿನ್ ನಿಲ್ಲಿಸಿ ಗುರುತು ಹಾಕಿದ ಜಾಗದಿಂದ 50 ಮೀಟರಿನೊಳಗೆ ನಿಲ್ಲಬೇಕು. ಯಾವ ಸರ್ಕಾರಿ ಇಲಾಖೆಗೂ ಹಾರಾಟದ ನಿಯಮ ಬರೆಯುವ ತಿಳಿವಳಿಕೆ ಇಲ್ಲದ ಹೊತ್ತಿನಲ್ಲಿ ಹವ್ಯಾಸಿಗಳ ಸಂಘಗಳು ತಮಗೆ ತಾವೇ ಶಿಸ್ತು ಹಾಕಿಕೊಂಡವು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಯ 6,000ಕ್ಕೂ ಹೆಚ್ಚು ವೈಮಾನಿಕರು ಈ ಕ್ಲಬ್ಬಿನ ಪ್ರಮಾಣಪತ್ರ ಪಡೆದರು. ಆರಂಭದ ಕ್ಲಬ್ಬುಗಳು ಜಗತ್ತಿಗೆ ಬಿಟ್ಟುಹೋದ ನಿಜವಾದ ಆಸ್ತಿ ಈ ಪರೀಕ್ಷೆ, ಈ ದಾಖಲೆ ಪುಸ್ತಕ, ಈ ಹೊಣೆ. ಬೆಳ್ಳಿಯ ಕಪ್ಪುಗಳೂ ಓಟದ ಪಂದ್ಯಗಳೂ ಅದರ ನಂತರದವು.

ಎರಡನೆಯ ತಿರುವು 1925ರದು. ಆ ವರ್ಷದ ಫೆಬ್ರವರಿಯಲ್ಲಿ ಡಿ ಹ್ಯಾವಿಲೆಂಡ್ ಕಂಪನಿಯ ಮಾತ್ ಮೊದಲ ಸಲ ಹಾರಿತು. ಇಬ್ಬರು ಕೂರುವ, ಜೋಡಿ ರೆಕ್ಕೆಯ, 60 ಅಶ್ವಶಕ್ತಿಯ ಎಂಜಿನ್ನಿನ ಈ ಹಗುರ ವಿಮಾನದ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಸಣ್ಣ ಕೊಟ್ಟಿಗೆಯಲ್ಲೂ ನಿಲ್ಲಿಸಬಹುದಿತ್ತು. ಬ್ರಿಟನ್ನಿನ ವಾಯುಯಾನ ಸಚಿವಾಲಯ ಅದನ್ನೇ ನೆಚ್ಚಿಕೊಂಡು ಕ್ಲಬ್ಬುಗಳಿಗೆ ನೆರವು ಕೊಡುವ ಯೋಜನೆ ಹಾಕಿತು. ಅದರ ನೆರಳಿನಲ್ಲೇ 1927ರಲ್ಲಿ ಭಾರತದಲ್ಲೂ ಏರೋ ಕ್ಲಬ್ ಸ್ಥಾಪನೆಯಾಯಿತು. ದೆಹಲಿ, ಮುಂಬೈ, ಕರಾಚಿ, ಕಲ್ಕತ್ತಾ, ಮದ್ರಾಸುಗಳಲ್ಲಿ ಕ್ಲಬ್ಬುಗಳು ಎದ್ದವು. ಸರ್ಕಾರ ಮಾತ್ ವಿಮಾನಗಳನ್ನೂ ವಾರ್ಷಿಕ ಅನುದಾನವನ್ನೂ ಕೊಟ್ಟಿತು. ಸದಸ್ಯರು ವಂತಿಗೆ ಮತ್ತು ಗಂಟೆಯ ಶುಲ್ಕ ಕಟ್ಟಿದರು.

ಅಲ್ಲಿ ಕಲಿಕೆ ಹೇಗಿತ್ತು ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಮಾತ್‌ಗೆ ಸ್ಟಾರ್ಟರ್ ಇಲ್ಲ. ಮೆಕ್ಯಾನಿಕ್ ಮೂತಿಯ ಮುಂದೆ ನಿಂತು, ಸ್ವಿಚ್ ಆಫ್ ಆಗಿದೆಯೇ ಎಂದು ಕೂಗಿ ಕೇಳಿ, ಉತ್ತರ ಬಂದ ಮೇಲೆ ಪ್ರೊಪೆಲ್ಲರನ್ನು ಕೈಯಿಂದ ಕೆಲವು ಸುತ್ತು ತಿರುಗಿಸುತ್ತಾನೆ. ಎಂಜಿನ್ ಪೆಟ್ರೋಲು ಹೀರಿಕೊಳ್ಳುತ್ತದೆ. ಆಮೇಲೆ ‘ಕಾಂಟ್ಯಾಕ್ಟ್’ ಎಂಬ ಕೂಗು, ಒಂದು ಬಲವಾದ ಎಳೆತ, ಒಡನೆ ಹಿಂದಕ್ಕೆ ಹೆಜ್ಜೆ. ಕೂಗು ತಪ್ಪಿ ಕೇಳಿದರೆ ಕೈಯೇ ಹೋಗಬಹುದು. ಮುಂದಿನ ಕಾಕ್‌ಪಿಟ್ಟಿನಲ್ಲಿ ಬೋಧಕ, ಹಿಂದಿನದರಲ್ಲಿ ಶಿಷ್ಯ. ತಲೆಯ ಮೇಲೆ ಮುಚ್ಚಿಗೆಯಿಲ್ಲ. ಗಾಳಿಯ ಅಬ್ಬರದಲ್ಲಿ ಬೋಧಕನ ಮಾತು ರಬ್ಬರ್ ಕೊಳವೆಯೊಂದರಲ್ಲಿ ಹಾದು ಶಿಷ್ಯನ ಕಿವಿಗೆ ತಲುಪುತ್ತದೆ. ಕೆಳಗಿನ ಮೆಕ್ಯಾನಿಕ್ ನೆಟ್ಟಗಿಲ್ಲದಿದ್ದರೆ ಮೇಲಿನ ಇಬ್ಬರಿಗೂ ಉಳಿಗಾಲವಿಲ್ಲ. ಆದರೂ ಕ್ಲಬ್ಬುಗಳ ಫೋಟೋಗಳಲ್ಲಿ ಹೆಸರು ಸಿಗುವುದು ಚರ್ಮದ ಟೋಪಿ ತೊಟ್ಟವರಿಗೆ ಮಾತ್ರ. ಇದು ಆ ವ್ಯವಸ್ಥೆಯ ಮೊದಲ ಅನ್ಯಾಯ.

1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಭಾರತದ ಏರೋ ಕ್ಲಬ್ಬಿನ ಒಂದನೇ ಸಂಖ್ಯೆಯ ಪ್ರಮಾಣಪತ್ರ ಪಡೆದದ್ದು ಎಲ್ಲರಿಗೂ ಗೊತ್ತು. ಇಂಗ್ಲೆಂಡ್–ಭಾರತದ ನಡುವೆ ಒಬ್ಬನೇ ಹಾರುವ ಭಾರತೀಯನಿಗೆ ಆಗಾ ಖಾನರು ಇಟ್ಟ 500 ಪೌಂಡ್ ಬಹುಮಾನವನ್ನು ಮರುವರ್ಷ ಗೆದ್ದವನು ಕರಾಚಿಯ ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್. ದಾರಿಯಲ್ಲಿ ಈಜಿಪ್ಟಿನ ಅಬೂಕಿರ್‌ನಲ್ಲಿ ಅವನ ವಿಮಾನ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿತ್ತು. ಎದುರು ದಿಕ್ಕಿನಿಂದ ಬಂದಿಳಿದ ಪ್ರತಿಸ್ಪರ್ಧಿ ಜೆ.ಆರ್.ಡಿ. ತಮ್ಮ ಬಳಿಯಿದ್ದ ಹೆಚ್ಚುವರಿ ಪ್ಲಗ್ ಕೊಟ್ಟರು, ಪಂದ್ಯ ಸೋತರು. ಆಸ್ಪಿ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಕ್ಲಬ್ಬಿನ ಸಂಸ್ಕೃತಿ ಅದರ ಅತ್ಯುತ್ತಮ ಕ್ಷಣದಲ್ಲಿ ಹೇಗಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೆ ಒಂದು ಒಳ್ಳೆಯ ಘಟನೆಯಿಂದ ಇಡೀ ಪದ್ಧತಿಗೆ ಪೂರ್ಣ ಅಂಕ ಕೊಡಲಾಗದು. ಟಾಟಾ ಮನೆತನದ ಮಗನಿಗೆ ಗಂಟೆಯ ಶುಲ್ಕ ಭಾರವಾಗಲಿಲ್ಲ. ಶಾಲಾ ಮಾಸ್ತರನಿಗೆ, ರೈಲ್ವೆ ಗುಮಾಸ್ತನಿಗೆ, ಹತ್ತಿ ಬೆಳೆಯುವ ರೈತನ ಮಗನಿಗೆ ಅದು ಎಟುಕುವಂತಿರಲಿಲ್ಲ. ಅನುದಾನ ಬರುತ್ತಿದ್ದದ್ದು ಎಲ್ಲರ ತೆರಿಗೆಯಿಂದ, ಹಾರುತ್ತಿದ್ದವರು ಮಹಾನಗರದ ಕೆಲವರು. ಹೆಂಗಸರ ವಿಷಯದಲ್ಲಿ ಮಾತ್ರ ಬಾಗಿಲು ಊಹಿಸಿದ್ದಕ್ಕಿಂತ ಮೊದಲೇ ಸ್ವಲ್ಪ ಸರಿಯಿತು: 1932ರಲ್ಲಿ ಊರ್ಮಿಳಾ ಪಾರಿಖ್ ಪರವಾನಗಿ ಪಡೆದರು, 1936ರಲ್ಲಿ ಸರಳಾ ಠಕ್ರಾಲ್ ಲಾಹೋರ್ ಕ್ಲಬ್ಬಿನಲ್ಲಿ ಸೀರೆಯುಟ್ಟೇ ಒಬ್ಬರೇ ಹಾರಿದರು. ಅವರಿಬ್ಬರ ಧೈರ್ಯ ದೊಡ್ಡದು. ಆದರೂ ಅವರಿಗೆ ಸಿಕ್ಕ ಅನುಕೂಲ ಬೇರೆ ಎಷ್ಟು ಹೆಣ್ಣುಮಕ್ಕಳಿಗೆ ಸಿಕ್ಕೀತು ಎಂಬ ಪ್ರಶ್ನೆ ಉಳಿಯುತ್ತದೆ. ಪಾಲು ಬಂಡವಾಳದ ಲೆಕ್ಕದಲ್ಲಿ ಕ್ಲಬ್ಬು ಕಣಗಿನಹಾಳದ ಸಂಘದ ಸೋದರ; ಸದಸ್ಯತ್ವದ ಲೆಕ್ಕದಲ್ಲಿ ಜಿಮಖಾನಾದ ಮಗ.

ಕನ್ನಡ ನೆಲಕ್ಕೆ ಇದರ ಫಲ ಮೊದಲು ಮುಟ್ಟಿದ್ದು ಬಳ್ಳಾರಿಯ ಮೂಲಕ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಮುಂಬೈಗೆ ಅಂಚೆ ತಂದರು; ಅಲ್ಲಿಂದ ಅವರ ಜೊತೆಗಾರ ವೈಮಾನಿಕ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಒಯ್ದ. ಹವ್ಯಾಸದ ಕ್ಲಬ್ಬಿನಲ್ಲಿ ಕಲಿತ ವಿದ್ಯೆ ನಾಲ್ಕು ವರ್ಷವೂ ತುಂಬುವ ಮೊದಲೇ ಸಾರ್ವಜನಿಕರ ಕಾಗದ ಪತ್ರ ಹೊರುವ ಸೇವೆಯಾಯಿತು. ಕ್ಲಬ್ಬುಗಳು ಶ್ರೀಮಂತರ ಆಟದ ಬಯಲಷ್ಟೇ ಎನ್ನುವವರು ಈ ಸಂಗತಿಗೂ ಲೆಕ್ಕದಲ್ಲಿ ಜಾಗ ಕೊಡಬೇಕು.

ಮೈಸೂರು ಸಂಸ್ಥಾನ ಬೇರೊಂದು ದಾರಿ ಹಿಡಿಯಿತು. ಅದೇ ಸರಿಯಾದ ದಾರಿಯಾಗಿತ್ತು. ಜಯಚಾಮರಾಜ ಒಡೆಯರ ಕಾಲದಲ್ಲಿ, ಬೆಂಗಳೂರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಎದ್ದಿತು. ಮದ್ರಾಸ್ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಬೋಧಕರಾಗಿದ್ದ ವಿ. ಸುಂದರಂ ಇಲ್ಲಿ ಹೊಣೆ ಹೊತ್ತರು. ಅಂದರೆ ಕ್ಲಬ್ಬಿನ ಪರಿಣತಿ ಸರ್ಕಾರಿ ಶಾಲೆಗೆ ಹರಿಯಿತು. ಅವರ ಪತ್ನಿ ಉಷಾ ಸುಂದರಂ 1949ರಲ್ಲಿ ಈ ಶಾಲೆಯಲ್ಲಿ ತೇರ್ಗಡೆಯಾದ ಮೊದಲ ಮಹಿಳೆ. 1951ರಲ್ಲಿ ಮದ್ರಾಸ್ ಸರ್ಕಾರ ಕೊಂಡ ಡವ್ ವಿಮಾನವನ್ನು ಈ ದಂಪತಿ ಲಂಡನ್ನಿನಿಂದ ಮುಂಬೈಗೆ 27 ಗಂಟೆಗಳಲ್ಲಿ ಹಾರಿಸಿ ತಂದರು. ಕ್ಲಬ್ಬಿನಲ್ಲಿ ಹಾರಾಟ ಸದಸ್ಯನ ಸುಖ. ಜಕ್ಕೂರಿನಲ್ಲಿ ಅದು ಪಠ್ಯಕ್ರಮವಾಯಿತು, ಉದ್ಯೋಗದ ಮೆಟ್ಟಿಲಾಯಿತು.

ಬೆಂಗಳೂರಿನ ಇನ್ನೊಂದು ಕೊಡುಗೆಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಅದು ಪುಷ್ಪಕ್. ಜರ್ಮನಿಯ ಗೋಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ ಕಲಿತ ವಿ.ಎಂ. ಘಾಟಗೆ ಅವರ ಮುಂದಾಳ್ತನದಲ್ಲಿ ಇಲ್ಲಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮೊದಲು ವಾಯುಪಡೆಗೆಂದು ಎಚ್‌ಟಿ-2 ತರಬೇತಿ ವಿಮಾನ ಕಟ್ಟಿತ್ತು. 1958ರ ಸೆಪ್ಟೆಂಬರ್‌ನಲ್ಲಿ ಹಾರಿದ ಪುಷ್ಪಕ್ ಮಾತ್ರ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಹುಟ್ಟಿದ ವಿಮಾನ. ಇಬ್ಬರು ಅಕ್ಕಪಕ್ಕ ಕೂರುತ್ತಾರೆ, ರೆಕ್ಕೆ ತಲೆಯ ಮೇಲೆ, ಎಂಜಿನ್ 90 ಅಶ್ವಶಕ್ತಿಯದು. ಅಮೆರಿಕದ ಏರೋಂಕಾ ವಿಮಾನವನ್ನು ಅದು ಬಹುಮಟ್ಟಿಗೆ ಹೋಲುತ್ತದೆ, ಆದ್ದರಿಂದ ಸ್ವಂತ ವಿನ್ಯಾಸದ ಪವಾಡ ಎಂದು ಹೊಗಳುವುದು ಸರಿಯಲ್ಲ. ಅದರ ಹೆಚ್ಚುಗಾರಿಕೆ ಸರಳತೆಯಲ್ಲಿದೆ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿ, ಹೊಲಿದು, ಡೋಪ್ ಎಂಬ ಘಾಟು ವಾಸನೆಯ ದ್ರವವನ್ನು ಪದರ ಪದರವಾಗಿ ಬಳಿಯುತ್ತಾರೆ. ಒಣಗುತ್ತಾ ಬಟ್ಟೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ದಮ್ಮಡಿಯಂತೆ ದನಿ ಬರಬೇಕು. ಹರಿದರೆ ಅದೇ ಹ್ಯಾಂಗರಿನಲ್ಲಿ ತೇಪೆ ಹಾಕಬಹುದು. ಪರದೇಶದ ಬಿಡಿಭಾಗಕ್ಕೆ ಕಾಯುತ್ತಾ ಕೂರಲಾಗದ ಕ್ಲಬ್ಬುಗಳಿಗೆ ಇಂಥ ಯಂತ್ರವೇ ಬೇಕಿತ್ತು. 150ರಷ್ಟು ಪುಷ್ಪಕ್‌ಗಳು ಬೆಂಗಳೂರಿನಲ್ಲಿ ತಯಾರಾಗಿ ದೇಶದ ಮೂಲೆ ಮೂಲೆಗೆ ಹೋದವು.

ಹೀಗೆ ಊರೂರಿಗೆ ವಿಮಾನ ಕಳಿಸಿದ ನಾಡಿನಲ್ಲೇ ತರಬೇತಿ ಬಹುಕಾಲ ಬೆಂಗಳೂರು ಬಿಟ್ಟು ಕದಲಲಿಲ್ಲ. ಹುಲಕೋಟಿಯಿಂದ ಗಂಟೆಯ ಹಾದಿಯ ಹುಬ್ಬಳ್ಳಿಗೆ 1974ರಿಂದ ವಿಮಾನ ನಿಲ್ದಾಣವಿದೆ. ಬೆಳಗಾವಿಯ ಸಾಂಬ್ರಾದಲ್ಲಿ ಎರಡನೇ ಮಹಾಯುದ್ಧದ ಕಾಲದಿಂದ ರನ್‌ವೇ ಇದೆ. ಸಂಘ ಕಟ್ಟುವ ಕಲೆ ಗದಗಿಗೆ ಯಾರೂ ಕಲಿಸಬೇಕಿರಲಿಲ್ಲ. ರನ್‌ವೇ ಇತ್ತು, ರಾಜ್ಯದಲ್ಲೇ ವಿಮಾನ ತಯಾರಾಗುತ್ತಿತ್ತು, ಕೂಡಿ ದುಡಿಯುವ ಅನುಭವವಿತ್ತು. ಮೂರನ್ನೂ ಜೋಡಿಸುವ ಯೋಚನೆ ರಾಜಧಾನಿಗೆ ಹೊಳೆಯಲಿಲ್ಲ. ಸಾಮಾನ್ಯರ ಮಕ್ಕಳನ್ನು ವಿಮಾನದ ಹತ್ತಿರ ತಂದದ್ದು ಎನ್‌ಸಿಸಿಯ ವಾಯುದಳ. ಅದು ಕೂಡ ನಿಲ್ದಾಣವಿರುವ ಊರುಗಳ ಆಸುಪಾಸಿಗೆ ಸೀಮಿತ.

ಜಕ್ಕೂರಿಗೂ ಮುಂದೆ ಕೆಟ್ಟ ದಿನಗಳು ಬಂದವು. ಬೋಧಕರ ಕೊರತೆಯಿಂದ ತರಬೇತಿ ನಿಂತ ವರ್ಷಗಳಿವೆ. ಪಕ್ಕದಲ್ಲೇ ಎದ್ದ ಹೆದ್ದಾರಿಯ ಮೇಲ್ಸೇತುವೆ ರನ್‌ವೇಗೆ ತೊಡಕಾಯಿತು. ಸಂಘದಲ್ಲಿ ಸದಸ್ಯನೇ ಕಾವಲುಗಾರ, ತನ್ನ ಪಾಲು ಮುಳುಗುತ್ತದೆಂದು ಕೂಗೆಬ್ಬಿಸುತ್ತಾನೆ. ಸರ್ಕಾರಿ ಶಾಲೆಗೆ ಅಂಥ ಸದಸ್ಯರಿಲ್ಲ. ಹಳೆಯ ಕ್ಲಬ್ಬುಗಳ ಈ ಒಂದು ಗುಣವನ್ನು ಮೈಸೂರಿನ ಮಾದರಿ ಕಳೆದುಕೊಂಡಿತು.

2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೂ ಕಲಬುರಗಿಯೂ ಇದ್ದವು. ಉತ್ತರ ಕರ್ನಾಟಕಕ್ಕೆ ಇದು ನಿಜವಾದ ಹೆಜ್ಜೆ. ಆದರೆ ಇವು ಖಾಸಗಿ ಸಂಸ್ಥೆಗಳು. ವಾಣಿಜ್ಯ ವೈಮಾನಿಕ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು, ಅದರ ವೆಚ್ಚ ಹತ್ತಾರು ಲಕ್ಷ ರೂಪಾಯಿ. ಮುಂಡರಗಿಯ ಅಥವಾ ಲಕ್ಷ್ಮೇಶ್ವರದ ಹುಡುಗಿಯೊಬ್ಬಳಿಗೆ ರನ್‌ವೇ ಈಗ ಹತ್ತಿರ ಬಂದಿದೆ, ಶುಲ್ಕ ಹತ್ತಿರ ಬಂದಿಲ್ಲ. ಅನುದಾನ ಕೊಡುವುದಾದರೆ ಅದು ಸಂಸ್ಥೆಯ ಹ್ಯಾಂಗರಿಗೆ ಸಲ್ಲದೆ ಕಲಿಯುವವಳ ಹಾರಾಟದ ಗಂಟೆಗೆ ಸಲ್ಲಬೇಕು; ಜಿಲ್ಲೆಯ ಸಹಕಾರಿ ಬ್ಯಾಂಕು ಟ್ರ್ಯಾಕ್ಟರಿಗೆ ಕೊಡುವಂತೆ ಈ ಗಂಟೆಗಳಿಗೂ ಕಡಿಮೆ ಬಡ್ಡಿಯ ಸಾಲ ಕೊಡಬೇಕು. 1905ರಲ್ಲಿ ಸಾಲದ ಸಂಘವನ್ನೇ ಕಟ್ಟಿದ ತಾಲ್ಲೂಕು ಈ ಬೇಡಿಕೆಯನ್ನು ಬೆಂಗಳೂರಿನ ಮುಂದೆ ಇಡುವುದರಲ್ಲಿ ಅತಿಯಾದದ್ದೇನೂ ಇಲ್ಲ.