ಮೊದಲು ಕೈ, ಆಮೇಲೆ ಮನಸ್ಸು

ಮನಸ್ಸು ಸೋತು ಕೂತವರಿಗೆ ನಮ್ಮಲ್ಲಿ ಧಾರಾಳವಾಗಿ ಸಿಗುವುದು ಉಪದೇಶ. ‘ಧೈರ್ಯ ತಂದ್ಕೋ’, ‘ಮನಸ್ಸು ಗಟ್ಟಿ ಮಾಡ್ಕೋ’. ವ್ಯಕ್ತಿತ್ವ ವಿಕಸನದ ಭಾಷಣಕಾರರು ಮೈಕು ಹಿಡಿದು ಹೇಳುವುದೂ ಇದನ್ನೇ, ಟಿಕೆಟ್ಟು ಮಾತ್ರ ಹೆಚ್ಚುವರಿ. ಮೊದಲು ಒಳಗೆ ಹುಮ್ಮಸ್ಸು ಹುಟ್ಟಬೇಕು, ಆಮೇಲೆ ಕೈಕಾಲು ತಾವಾಗಿ ಆಡುತ್ತವೆ ಎಂಬುದು ಇವರೆಲ್ಲರ ನಂಬಿಕೆ. ಬಿಹೇವಿಯರಲ್ ಆಕ್ಟಿವೇಶನ್ ಎಂಬ ಮನೋಚಿಕಿತ್ಸೆ ಈ ಕ್ರಮವನ್ನೇ ತಿರುಗಿಸಿಡುತ್ತದೆ. ಮನಸ್ಸು ಬರಲೆಂದು ಕಾಯಬೇಡಿ. ಚಿಕ್ಕದೊಂದು ಕೆಲಸಕ್ಕೆ ಕೈ ಹಾಕಿ, ಮನಸ್ಸು ಹಿಂದಿನಿಂದ ಬರುತ್ತದೆ ಎನ್ನುತ್ತದೆ.

ಹೀಗಂದರೆ ಇದೂ ಮನೆಯ ಹಿರಿಯರ ಮಾತೇ. ‘ಎದ್ದು ನಾಲ್ಕು ಹೆಜ್ಜೆ ಓಡಾಡು, ಸರಿಹೋಗ್ತೀಯ’ ಎಂದು ಯಾರು ತಾನೇ ಹೇಳಿಲ್ಲ? ಚಿಕಿತ್ಸೆಯ ವಿಶೇಷ ಇರುವುದು ‘ಎದ್ದೇಳು’ ಎನ್ನುವುದರಲ್ಲಲ್ಲ, ಅದಕ್ಕೂ ಮೊದಲು ನಡೆಯುವ ಲೆಕ್ಕ ಬರೆಯುವ ಕೆಲಸದಲ್ಲಿ. ಬಂದವರು ಒಂದು ವಾರ ತಮ್ಮ ದಿನವನ್ನು ಗಂಟೆಗಂಟೆಗೆ ಬರೆದಿಡಬೇಕು: ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು. ‘ದಿನವಿಡೀ ಒಂದೇ ಥರ’ ಎಂದುಕೊಂಡವರ ಹಾಳೆಯಲ್ಲಿ ಏರಿಳಿತ ಕಾಣತೊಡಗುತ್ತದೆ. ಸಂಜೆ ಗಿಡಕ್ಕೆ ನೀರು ಹಾಕಿದಾಗ ತುಸು ಹಗುರ, ರಾತ್ರಿ ಮೊಬೈಲು ಹಿಡಿದು ಮಲಗಿದಾಗ ಇನ್ನಷ್ಟು ಭಾರ. ಮುಂದಿನ ವಾರದ ಕೆಲಸ ಈ ಹಾಳೆಯಿಂದ ಹುಟ್ಟುತ್ತದೆಯೇ ಹೊರತು ಸಲಹೆಗಾರರ ತಲೆಯಿಂದಲ್ಲ.

ಈ ವಿಚಾರಕ್ಕೆ ಐವತ್ತು ವರ್ಷ ವಯಸ್ಸಾಗಿದೆ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫರ್ಸ್ಟರ್ ಖಿನ್ನತೆಯನ್ನು ಬೇರೆ ಬಗೆಯಲ್ಲಿ ನೋಡಿದರು: ನೋವು ತಪ್ಪಿಸಿಕೊಳ್ಳಲು ಮನುಷ್ಯ ಹಿಂದೆ ಸರಿಯುತ್ತಾನೆ, ಸರಿದಷ್ಟೂ ಬದುಕು ಕೊಡುತ್ತಿದ್ದ ಸಣ್ಣಪುಟ್ಟ ಸಂತೋಷಗಳೂ ನಿಲ್ಲುತ್ತವೆ. ಆರೆಗಾನಿನ ಪೀಟರ್ ಲೆವಿನ್‌ಸನ್ ಇದೇ ದಾರಿಯಲ್ಲಿ ಚಿಕಿತ್ಸೆ ಕಟ್ಟಿದರು. ಆಮೇಲೆ ಯೋಚನೆಗಳನ್ನು ತಿದ್ದುವ ಆರನ್ ಬೆಕ್ ಅವರ ಪದ್ಧತಿಯ ಅಬ್ಬರದಲ್ಲಿ ಇದು ಮಂಕಾಯಿತು. 1996ರಲ್ಲಿ ನೀಲ್ ಜೇಕಬ್‌ಸನ್ ತಂಡ ಆ ದೊಡ್ಡ ಪದ್ಧತಿಯನ್ನೇ ಬಿಡಿಬಿಡಿಯಾಗಿ ಪರೀಕ್ಷಿಸಿತು. ಚಟುವಟಿಕೆಯ ಭಾಗವನ್ನಷ್ಟೇ ಪಡೆದವರು ಪೂರ್ತಿ ಚಿಕಿತ್ಸೆ ಪಡೆದವರಷ್ಟೇ ಚೇತರಿಸಿಕೊಂಡಿದ್ದರು. 2016ರಲ್ಲಿ ಇಂಗ್ಲೆಂಡಿನ 440 ಜನರ ಪ್ರಯೋಗವೂ ಇದನ್ನೇ ಹೇಳಿತು: ಕಡಿಮೆ ತರಬೇತಿಯ ಕಿರಿಯ ಕಾರ್ಯಕರ್ತರು ನಡೆಸಿದ ಈ ಚಿಕಿತ್ಸೆ, ಪರಿಣತರು ನಡೆಸಿದ ಬೆಕ್ ಮಾದರಿಯ ಚಿಕಿತ್ಸೆಗೆ ಕಡಿಮೆಯಾಗಲಿಲ್ಲ, ಖರ್ಚೂ ಕಡಿಮೆ.

ನಮಗೆ ಹೆಚ್ಚು ಬೇಕಾದ ಪ್ರಯೋಗ ನಡೆದದ್ದು ಪಕ್ಕದ ಗೋವಾದಲ್ಲಿ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ‘ಸಂಗಾತ್’ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಜನರನ್ನು ಆರಿಸಿಕೊಂಡರು. ಅರ್ಧದಷ್ಟು ಜನರಿಗೆ ಇದೇ ಪದ್ಧತಿಯನ್ನು ಆಧರಿಸಿದ, ಆರರಿಂದ ಎಂಟು ಭೇಟಿಗಳ ಸಮಾಲೋಚನೆ. ನಡೆಸಿದವರು ಮನಶ್ಶಾಸ್ತ್ರದ ಪದವೀಧರರಲ್ಲ, ತರಬೇತಿ ಪಡೆದ ಊರಿನ ಸಾಮಾನ್ಯರು. ಮೂರು ತಿಂಗಳ ನಂತರ ನೋಡಿದರೆ ಸಮಾಲೋಚನೆ ಪಡೆದವರಲ್ಲಿ ಶೇ. 64ರಷ್ಟು ಮಂದಿ ಚೇತರಿಸಿಕೊಂಡಿದ್ದರು, ಉಳಿದ ಗುಂಪಿನಲ್ಲಿ ಶೇ. 39. ಕೆಲಸ ತಪ್ಪಿದ ದಿನಗಳು ಕಡಿಮೆಯಾದವು. ಹೆಂಗಸರು ಹೇಳಿಕೊಂಡ ಗಂಡನ ಹೊಡೆತವೂ ಕಡಿಮೆಯಾಯಿತು. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಕಣ್ಣು ನಿಲ್ಲುವ ಸಾಲು ಅದೇ.

ಶೇ. 64ರ ಅಂಕಿಯನ್ನು ಹೊಗಳಿಕೆಗೆ ಬಳಸುವವರು ಅದರ ಇನ್ನೊಂದು ಮಗ್ಗುಲನ್ನೂ ಓದಬೇಕು. ವೈದ್ಯರಿಗೆ ‘ಇವರಿಗೆ ಖಿನ್ನತೆಯಿದೆ’ ಎಂದು ತಿಳಿಸಿ, ಮಾಮೂಲಿ ಆರೈಕೆಯನ್ನು ತುಸು ಬಿಗಿ ಮಾಡಿದ್ದಕ್ಕೇ ಶೇ. 39 ಮಂದಿ ಸುಧಾರಿಸಿದ್ದರು. ಸಮಾಲೋಚನೆಯಿಂದ ಸೇರಿದ್ದು ನೂರಕ್ಕೆ ಇಪ್ಪತ್ತೈದು ಜನ. ಸಣ್ಣ ಸಂಖ್ಯೆಯಲ್ಲ, ಪವಾಡವೂ ಅಲ್ಲ. ಅಷ್ಟೆಲ್ಲ ಆದ ಮೇಲೂ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಚೇತರಿಸಿಕೊಂಡಿರಲಿಲ್ಲ. ಅಂಥವರಿಗೆ ‘ನೀವು ಸರಿಯಾಗಿ ಮಾಡಲಿಲ್ಲ’ ಎಂದರೆ ಚಿಕಿತ್ಸೆ ಮತ್ತೆ ಉಪದೇಶವಾಗುತ್ತದೆ. ಔಷಧಿ ಬೇಕೇ, ಥೈರಾಯ್ಡ್ ನೋಡಬೇಕೇ ಎಂದು ಕೇಳುವವರು ಆಗ ಬೇಕು.

ನನ್ನ ದೊಡ್ಡ ತಕರಾರು ಬೇರೆ. ಗೋವಾದ ಪ್ರಯೋಗ ಖಿನ್ನತೆಯ ಮೇಲಿನದು, ಆದರೆ ಈಗ ಅದೇ ಸೂತ್ರವನ್ನು ದುಡಿದು ಬಸವಳಿದವರಿಗೂ ಹಂಚಲಾಗುತ್ತಿದೆ. ಬರ್ನ್‌ಔಟ್ ಎನ್ನುವ ಈ ಬಸವಳಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಯೆಂದು ಕರೆಯಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದಿತು. ಬೆಳಗ್ಗೆ ಮನೆಮನೆ ಸುತ್ತಿ, ಮಧ್ಯಾಹ್ನ ಮೀಟಿಂಗಿಗೆ ಓಡಿ, ಸಂಜೆ ಮೊಬೈಲಿನಲ್ಲಿ ಮಾಹಿತಿ ತುಂಬಿ, ಆಮೇಲೆ ಒಲೆ ಹಚ್ಚುವ ಆಶಾ ಕಾರ್ಯಕರ್ತೆಗೆ ‘ಚಟುವಟಿಕೆ ಹೆಚ್ಚಿಸಿಕೊಳ್ಳಮ್ಮ’ ಎಂದರೆ ಅವಳು ನಗಬೇಕೋ ಅಳಬೇಕೋ? ಅವಳ ಹಾಳೆಯಲ್ಲಿ ಖಾಲಿ ಗಂಟೆಯೇ ಇಲ್ಲ. ಅವಳಿಗೆ ಬರೆಯಬೇಕಾದ ಮೊದಲ ಕೆಲಸ, ಯಾವುದೋ ಒಂದು ಕೆಲಸಕ್ಕೆ ‘ಆಗಲ್ಲ’ ಎನ್ನುವುದು. ಅವಳು ಹಾಗೆಂದರೆ ಮೇಲಿನವರು ಒಪ್ಪುತ್ತಾರೆಯೇ ಎಂಬ ಪ್ರಶ್ನೆಗೆ ಯಾವ ಮನೋಚಿಕಿತ್ಸೆಯಲ್ಲೂ ಉತ್ತರವಿಲ್ಲ. ಬಾಕಿ ಗೌರವಧನ ಕೊಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬರುವವರಿಗೆ ಉಸಿರಾಟದ ವ್ಯಾಯಾಮ ಕಲಿಸುವುದು ಚಿಕಿತ್ಸೆಯಲ್ಲ, ನುಣುಚಿಕೊಳ್ಳುವ ಉಪಾಯ.

ಪದ್ಧತಿಯ ಒಳಗೇ ನನ್ನ ತಕರಾರಿಗೆ ಅರ್ಧ ಉತ್ತರವಿದೆ ಎಂಬುದನ್ನೂ ಒಪ್ಪಬೇಕು. ಜೇಕಬ್‌ಸನ್ ಬಳಗದವರು 2001ರ ಹೊತ್ತಿಗೆ, ಎಷ್ಟು ಮಾಡಿದೆ ಎನ್ನುವುದಕ್ಕಿಂತ ಏತಕ್ಕೆ ಮಾಡಿದೆ ಎನ್ನುವುದೇ ಮುಖ್ಯ ಎಂಬಲ್ಲಿಗೆ ಬಂದಿದ್ದರು. ಶಾಲೆಯ ಎಲ್ಲ ಸಮಿತಿಗೂ ಹೆಸರು ಕೊಡುವ ಮೇಷ್ಟ್ರು, ಮನೆಯ ಮೌನ ತಪ್ಪಿಸಿಕೊಳ್ಳಲು ದುಡಿಯುತ್ತಿರಬಹುದು. ಆಗ ದುಡಿಮೆಯೇ ಹಿಂದೆ ಸರಿಯುವ ಬಗೆ. ಇದನ್ನು ಹಾಳೆಯಲ್ಲಿ ಗುರುತಿಸಲು ಕಣ್ಣು ಪಳಗಿರಬೇಕು. ಆರು ಭೇಟಿಯ ಕೈಪಿಡಿ ಹಿಡಿದ ಹೊಸಬರಿಗೆ ಇದು ಸುಲಭವಲ್ಲ, ಮೊಬೈಲು ಆ್ಯಪಿಗಂತೂ ಆಗದು. ಪೆಟ್ಟಿಗೆಗಳಿಗೆ ಟಿಕ್ ಹಾಕಿಸುವ ಆ್ಯಪು ಬಳಲಿದವರಿಗೆ ಇನ್ನೊಬ್ಬ ಮೇಲಧಿಕಾರಿಯಾಗುತ್ತದೆ, ಅಷ್ಟೆ.

ಹೀಗಾಗಿ ಗೋವಾ ಮಾದರಿಯಲ್ಲಿ ಕಡಿಮೆ ಖರ್ಚು ಎಂಬ ಅಂಶವನ್ನು ಎಲ್ಲರೂ ಎತ್ತಿಕೊಂಡು, ಅದನ್ನು ನಿಲ್ಲಿಸಿದ ಕಂಬವನ್ನು ಬಿಡುತ್ತಿರುವುದು ನನಗೆ ಸರಿಕಾಣುವುದಿಲ್ಲ. ಅಲ್ಲಿ ಸಮಾಲೋಚಕರ ಮಾತುಕತೆ ರೆಕಾರ್ಡ್ ಆಗುತ್ತಿತ್ತು. ಜೊತೆಯವರು ಕೂತು ಕೇಳಿ, ಅಂಕ ಕೊಟ್ಟು, ಎಲ್ಲಿ ಅವಸರ ಮಾಡಿದೆ, ಎಲ್ಲಿ ಕೇಳಿಸಿಕೊಳ್ಳಲಿಲ್ಲ ಎಂದು ತಿದ್ದುತ್ತಿದ್ದರು. ನಮ್ಮಲ್ಲಿ ನಿಮ್ಹಾನ್ಸ್‌ನಂಥ ಸಂಸ್ಥೆಯಿದೆ. 2022ರ ಅಕ್ಟೋಬರಿನಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬಿಕ್ಕಟ್ಟಿನ ರಾತ್ರಿಗೆ ಅದು ಸರಿಯೇ. ಆದರೆ ಈ ಚಿಕಿತ್ಸೆಗೆ ಬೇಕಿರುವುದು ಕಳೆದ ವಾರದ ಹಾಳೆ ನೆನಪಿರುವ ಅದೇ ಮನುಷ್ಯ, ಮತ್ತು ಆ ಮನುಷ್ಯನ ಕೆಲಸವನ್ನು ಕೂತು ಕೇಳುವ ಇನ್ನಿಬ್ಬರು. ತಾಲ್ಲೂಕು ಆಸ್ಪತ್ರೆಗೆ ಸಮಾಲೋಚಕರ ಹುದ್ದೆ ಮಂಜೂರು ಮಾಡುವಾಗ ಈ ಇನ್ನಿಬ್ಬರ ಸಂಬಳವನ್ನೂ ಸೇರಿಸದಿದ್ದರೆ, ವರ್ಷ ಕಳೆಯುವುದರೊಳಗೆ ಆ ಸಮಾಲೋಚಕರೇ ಬಸವಳಿದು ಕೂತಿರುತ್ತಾರೆ.