ವೇದಿಕೆಗೆಷ್ಟು ಹೂವು, ಮುಡಿಗೆಷ್ಟು?

ಮಧ್ಯಾಹ್ನ ಮೂರೂವರೆಗೆ ಕೊನೆಯ ಪಂಕ್ತಿ ಏಳುವಷ್ಟರಲ್ಲಿ ಇಬ್ಬರು ಹುಡುಗರು ವೇದಿಕೆಯ ಹಿಂಬದಿಗೆ ಏಣಿ ಚಾಚಿ ನಿಂತಿದ್ದರು. ಒಬ್ಬ ಜರ್ಬೆರಾ ಹೂಗಳನ್ನು ಹಿಡಿಹಿಡಿಯಾಗಿ ಕಿತ್ತು ಕೆಳಗೆ ಎಸೆಯುತ್ತಿದ್ದ, ಇನ್ನೊಬ್ಬ ಅವನ್ನು ಗೊಬ್ಬರದ ಖಾಲಿ ಚೀಲಕ್ಕೆ ತುಂಬುತ್ತಿದ್ದ. ಹೂವುಗಳು ಇನ್ನೂ ಬಾಡಿರಲಿಲ್ಲ. ಇಷ್ಟು ಅವಸರ ಯಾಕೆಂದು ಕೇಳಿದೆವು. "ಸಂಜೆ ಬೇರೆ ಪಾರ್ಟಿ ಉಂಟು ಸಾಯ್ಬ್ರೇ" ಎಂದ.

ಅದು ನಮ್ಮ ಹಳೆಯ ಸ್ನೇಹಿತರೊಬ್ಬರ ಮಗಳ ಮದುವೆ. ಉಡುಪಿ ಜಿಲ್ಲೆಯ ಒಂದು ಹಾಲ್. ಕೈ ತೊಳೆದು ಬಂದು ನಮ್ಮ ಪಕ್ಕ ಕುಳಿತ ಸ್ನೇಹಿತರು ಆ ಚೀಲಗಳನ್ನೇ ನೋಡುತ್ತಾ ಲೆಕ್ಕ ಹೇಳಿದರು. ಹೂವಿಗೆಂದು ತೆಗೆದಿಟ್ಟದ್ದು ಒಟ್ಟು 60,000 ರೂಪಾಯಿ. ಹೆಂಗಸರ ಕಡೆಯ ವೇದಿಕೆಗೆ 28,000, ಗಂಡಸರ ಕಡೆಯ ವೇದಿಕೆಗೆ 20,000, ಬಾಗಿಲ ಕಮಾನಿಗೆ 4,000, ಕಾರಿಗೆ 5,000. ಉಳಿದ 3,000 ರೂಪಾಯಿಗೆ ಮಲ್ಲಿಗೆ. ಆ ದಿನದ ದರ ಅಟ್ಟೆಗೆ 1,500. ಹಾಗಾಗಿ ಬಂದದ್ದು ಎರಡೇ ಅಟ್ಟೆ.

ನಮ್ಮ ಕರಾವಳಿಯವರಲ್ಲದ ಓದುಗರಿಗಾಗಿ ಒಂದು ಮಾತು. ಇಲ್ಲಿ ಮಲ್ಲಿಗೆಯನ್ನು ಅಳೆಯುವುದು ಮೊಳದಲ್ಲೂ ಅಲ್ಲ, ಕಿಲೋದಲ್ಲೂ ಅಲ್ಲ. ಎಂಟು ನೂರು ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಂದು ಚೆಂಡನ್ನು ತುಂಡು ಮಾಡಿದರೆ ಐದು ಮಂದಿ ಮುಡಿದಾರು, ಕೈ ಬಿಗಿ ಹಿಡಿದರೆ ಆರು. ಎರಡು ಅಟ್ಟೆ ಎಂದರೆ ನಲವತ್ತೋ ನಲವತ್ತೆಂಟೋ ತಲೆಗಳಿಗೆ ಸಾಕು. ಹೆಂಗಸರ ಕಡೆ ಊಟಕ್ಕೆ ಬಂದವರು ಮುನ್ನೂರು ಮಂದಿ.

ಆಮೇಲೆ ನಡೆದದ್ದನ್ನು ಮನೆಯ ಹೆಣ್ಣುಮಕ್ಕಳ ಬಾಯಿಂದಲೇ ಕೇಳಿದೆವು. ಗಂಡಿನ ಕಡೆಯ ದಿಬ್ಬಣ ಬರುವ ಮೊದಲೇ ಹೂವಿನ ತಟ್ಟೆ ಬರಿದಾಗಿತ್ತು. ಹುಡುಗನ ಚಿಕ್ಕಮ್ಮಂದಿರು ಬಾಗಿಲಲ್ಲಿ ಒಂದು ಗಳಿಗೆ ನಿಂತರು. ತಟ್ಟೆಯಲ್ಲಿದ್ದದ್ದು ಬಾಳೆನಾರಿನ ತುಂಡುಗಳು ಮತ್ತು ಉದುರಿದ ನಾಲ್ಕಾರು ಮೊಗ್ಗು. ಮದುಮಗಳ ತಂಗಿ ತನ್ನ ಜಡೆಯಿಂದಲೇ ಮಾಲೆ ಬಿಚ್ಚಿ ಅವರಲ್ಲಿ ಹಿರಿಯರಿಗೆ ಕೊಟ್ಟಳಂತೆ. ಅವರು ತೆಗೆದುಕೊಂಡರು, ಮುಡಿಯಲಿಲ್ಲ. ಉಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಪದ್ಯವನ್ನೋ ನಾಟಕವನ್ನೋ ಓದುವ ಹಾಗೆ ನಾವು ಮದುವೆಯ ವೇದಿಕೆಯನ್ನೂ ಓದಬೇಕು. ಅದು ಯಾರೊಡನೆ ಮಾತಾಡುತ್ತಿದೆ ಎಂದು ಕೇಳಬೇಕು. ಇಪ್ಪತ್ತೆಂಟು ಸಾವಿರದ ಹೂವುಗಳೆಲ್ಲ ಇದ್ದದ್ದು ಮದುಮಗಳ ಬೆನ್ನ ಹಿಂದೆ. ಇಡೀ ದಿನ ಆಕೆ ಅವನ್ನು ಒಮ್ಮೆಯೂ ನೋಡಲಿಲ್ಲ. ಅತಿಥಿಗಳು ನೋಡಿದ್ದು ದೂರದಿಂದ, ಸಾಲಿನಲ್ಲಿ ನಿಂತು. ಹತ್ತಿರದಿಂದ ನೋಡಿದ್ದು ಕ್ಯಾಮರಾ ಮಾತ್ರ. ಜರ್ಬೆರಾಗೆ ಪರಿಮಳವೇ ಇಲ್ಲ. ಪಾಲಿಹೌಸಿನ ಉದ್ದ ಕಾಂಡದ ಗುಲಾಬಿಯನ್ನು ಬೆಳೆಸುವುದು ಪ್ರಯಾಣವನ್ನು ತಡೆದುಕೊಂಡು ಹಲವು ದಿನ ನಿಲ್ಲಲಿ ಎಂದು. ಮೂಗಿನ ಪಾಲನ್ನು ಅದರಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಕಣ್ಣಿಗೆ ಹೂವಾಗಿ ಮೂಗಿಗೆ ಕಾಗದವಾಗಿರುವ ವಸ್ತು ಅದು. ಇನ್ನು ಕಾಂಡ ಚುಚ್ಚುವ ಆ ಹಸಿರು ಸ್ಪಂಜು. ಅಮೆರಿಕೆಯಲ್ಲಿ 1954ರಲ್ಲಿ ಹುಟ್ಟಿದ ಇದನ್ನು ಫಿನಾಲ್ ಮತ್ತು ಫಾರ್ಮಾಲ್ಡಿಹೈಡಿನಿಂದ ಮಾಡುತ್ತಾರೆ. ಇದು ಪ್ಲಾಸ್ಟಿಕ್‌ನ ಜಾತಿಯದು. ಕೊಳೆಯುವುದಿಲ್ಲ, ಪುಡಿಯಾಗುತ್ತದೆ ಅಷ್ಟೆ. ಹಾಲ್‌ನ ಹಿಂದಿನ ಚರಂಡಿಯ ಅಂಚಿನಲ್ಲಿ ಅದರ ರಾಶಿಯನ್ನು ಕಂಡೆವು.

ಪಾಲಿಹೌಸ್ ರೈತರ ಮೇಲೆ ನಮಗೆ ಮುನಿಸಿಲ್ಲ. ಸಾಲ ಮಾಡಿ ಬೆಳೆದ ಅವರ ಹೂವಿಗೂ ಮಾರುಕಟ್ಟೆ ಬೇಕು. ನಮ್ಮ ತಕರಾರು ಹಂಚಿಕೆಯದು.

ಮಲ್ಲಿಗೆಯ ಹಿಂದಿರುವ ದುಡಿಮೆ ಬೇರೆಯೇ. ಶಂಕರಪುರ, ಶಿರ್ವ, ಬೆಳ್ಮಣ್‌ನ ಮನೆಯಂಗಳಗಳಲ್ಲಿ ಹೆಂಗಸರು ಮೊಗ್ಗು ಅರಳುವ ಮೊದಲೇ ಬೆಳಗಿನಲ್ಲಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಟ್ಟೆಗೆ ಮುಟ್ಟಿಸಬೇಕು. ಆ ದಿನದ ದರ ಆ ದಿನವೇ ತಿಳಿಯುವುದು. ಮಳೆ ಹಿಡಿದರೆ ಇಳುವರಿ ಕುಸಿಯುತ್ತದೆ. ಮದುವೆ ಕಾಲದಲ್ಲಿ ದರ ಎರಡು ಸಾವಿರ ದಾಟುವುದೂ ಉಂಟು, ಬೇಡಿಕೆಯಿಲ್ಲದ ದಿನಗಳಲ್ಲಿ ನೂರರ ಲೆಕ್ಕಕ್ಕೆ ಇಳಿಯುವುದೂ ಉಂಟು. ಮೈಸೂರು, ಹಡಗಲಿ ಮಲ್ಲಿಗೆಗಳ ಜೊತೆಗೆ ಉಡುಪಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇದು ಮುಂಬಯಿಗೂ ಗಲ್ಫಿಗೂ ಹೋಗುತ್ತದೆ. ಭಟ್ಕಳದ ಮಲ್ಲಿಗೆಗೂ ಅದೇ ದಾರಿ. ಈ ಹಣ ಹೆಚ್ಚಾಗಿ ಸೇರುವುದು ಅಡುಗೆಮನೆಯ ಡಬ್ಬಿಗೆ, ಮಕ್ಕಳ ಶಾಲೆಯ ಫೀಸಿಗೆ.

ಹೂವು ಮೈಮೇಲಿರುವುದಕ್ಕೂ ಬೆನ್ನ ಹಿಂದಿರುವುದಕ್ಕೂ ಇರುವ ಅಂತರವನ್ನು ಉರ್ದು ಮನೆಗಳ ಸೆಹ್ರಾ ಚೆನ್ನಾಗಿ ತೋರಿಸುತ್ತದೆ. ಸೆಹ್ರಾ ಎಂದರೆ ವರನ ಹಣೆಯಿಂದ ಇಳಿಬಿಡುವ ಹೂವಿನ ಎಳೆಗಳು. ಅದನ್ನು ಕಟ್ಟುವುದು ಸರಿಯೇ ಎಂಬ ಬಗ್ಗೆ ಉಲಮಾಗಳಲ್ಲಿ ಎರಡು ಅಭಿಪ್ರಾಯಗಳಿವೆ, ಅದನ್ನು ಅವರಿಗೇ ಬಿಡೋಣ. ಆದರೆ ಅದೇ ಹೆಸರಿನ ಒಂದು ಕಾವ್ಯ ಪ್ರಕಾರವೂ ಹುಟ್ಟಿಕೊಂಡಿತು. 1852ರಲ್ಲಿ ಬಹಾದುರ್ ಶಾ ಜಫರ್‌ರ ಮಗ ಮಿರ್ಜಾ ಜವಾನ್ ಬಖ್ತ್‌ನ ಮದುವೆಗೆ ಗಾಲಿಬ್ ಒಂದು ಸೆಹ್ರಾ ಬರೆದರು. ಅದರ ಕೊನೆಯಲ್ಲಿ ಇದಕ್ಕಿಂತ ಮಿಗಿಲಾದದ್ದನ್ನು ಬರೆಯುವವರಿದ್ದರೆ ಬರೆಯಲಿ ಎಂಬ ಧಾಟಿಯ ಮಾತಿತ್ತು. ಬಾದಶಹರ ಕಾವ್ಯಗುರು ಜೌಕ್‌ರಿಗೆ ಅದು ತಾಗಿತು. ಅವರೂ ಒಂದು ಸೆಹ್ರಾ ಬರೆದು ಉತ್ತರ ಕೊಟ್ಟರು. ಕೊನೆಗೆ ಗಾಲಿಬ್ ಕ್ಷಮೆಯ ಪದ್ಯವನ್ನೇ ಬರೆಯಬೇಕಾಯಿತು. ಆರು ವರ್ಷಗಳಲ್ಲಿ ಆ ಅರಮನೆಯೇ ಹೋಯಿತು. ಮದುಮಗ ತಂದೆಯ ಜೊತೆ ರಂಗೂನಿಗೆ ಗಡಿಪಾರಾದ. ಆ ದಿನ ದರ್ಬಾರನ್ನು ಯಾವ ಹೂವಿನಿಂದ ಸಿಂಗರಿಸಿದ್ದರು ಎಂದು ಇಂದು ಯಾರೂ ಕೇಳುವುದಿಲ್ಲ. ಹಣೆಯ ಮೇಲಿದ್ದ ಆ ಎಳೆಗಳ ಜಗಳವನ್ನು ಮಾತ್ರ ಉರ್ದು ಓದುವವರು ಈಗಲೂ ನಗುತ್ತಾ ಹೇಳಿಕೊಳ್ಳುತ್ತಾರೆ.

ನಮ್ಮ ಸ್ನೇಹಿತರು ಕಂಜೂಸಿಯಲ್ಲ, ಆಡಂಬರದ ಮನುಷ್ಯರೂ ಅಲ್ಲ. ಹಾಗಾದರೆ ಅವರ ಹಣ ಬೆನ್ನ ಹಿಂದಕ್ಕೆ ಹೋದದ್ದು ಹೇಗೆ? ಇದನ್ನೇ ಕೇಳಿದಾಗ ಅವರು ಸ್ವಲ್ಪ ಬಿಸಿಯಾದರು. "ಮಗ ದುಬೈಯಲ್ಲಿದ್ದಾನೆ, ರಜೆ ಸಿಗಲಿಲ್ಲ. ಅವನಿಗೆ ಮದುವೆ ಅಂದರೆ ಆ ಫೋಟೋವೇ. ಹಿಂದೆ ಬರೀ ಗೋಡೆ ಕಾಣಬೇಕಿತ್ತಾ?" ಈ ಮಾತನ್ನು ಲಘುವಾಗಿ ತಳ್ಳಿಹಾಕುವ ಹಾಗಿಲ್ಲ. ಪರದೇಶದ ಕೋಣೆಯಲ್ಲಿ ಮೊಬೈಲ್ ಹಿಡಿದು ತಂಗಿಯ ನಿಕಾಹ್ ನೋಡುವ ಅಣ್ಣನಿಗೂ ಆ ಬಜೆಟ್ಟಿನಲ್ಲಿ ಪಾಲಿದೆ. ಹೆಂಗಸರ ಕಡೆಯ ವೇದಿಕೆ ಬೇಡವೆಂದು ಅದಕ್ಕಾಗಿಯೇ ನಾವು ಹೇಳುವುದಿಲ್ಲ. ಸೇವಂತಿಗೆ, ಚೆಂಡುಹೂವಿನ ಮಾಲೆಗಳನ್ನು ನೂಲಿನಲ್ಲಿ ಪೋಣಿಸಿ ಇಳಿಬಿಟ್ಟರೆ ಅರ್ಧ ಹಣದಲ್ಲಿ ಗೋಡೆ ಮುಚ್ಚುತ್ತದೆ, ಸ್ಪಂಜೂ ಬೇಕಿಲ್ಲ.

ಆದರೆ ಗಂಡಸರ ಕಡೆಯ ಆ 20,000? ನಿಕಾಹ್‌ಗೆ ವಲಿ ಬೇಕು, ಇಬ್ಬರು ಸಾಕ್ಷಿಗಳು ಬೇಕು, ಮಹರ್ ಬೇಕು. ಖುತುಬ ಸೇರಿ ಎಲ್ಲ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಬಿರಿಯಾನಿಯ ಪರಿಮಳ ಬಂದ ಮೇಲೆ ಆ ಕಡೆ ತಿರುಗಿ ನೋಡುವವರಿಲ್ಲ. ಆ ದಿನದ ದರದಲ್ಲಿ ಮುನ್ನೂರು ಮಂದಿಗೆ ಬೇಕಾದ ಹದಿನೈದು ಅಟ್ಟೆ ಮಲ್ಲಿಗೆಗೆ 22,500 ರೂಪಾಯಿ. ಗಂಡಸರು ಕುಳಿತೆದ್ದ ಅರ್ಧ ಗಂಟೆಯ ಹೂವಿಗೆ ಹೆಚ್ಚುಕಡಿಮೆ ಅಷ್ಟೇ ಖರ್ಚಾಗಿದೆ.

ನಮಗೆ ತೋಚುವ ಕಾರಣ ಇಷ್ಟು. ವೇದಿಕೆಗೆ ಒಬ್ಬ ಮಾರುವವನಿದ್ದಾನೆ. ಅವನ ಬಳಿ ಆಲ್ಬಮ್ ಇದೆ, ಕೊಟೇಶನ್ ಇದೆ, ಮುಂಗಡದ ರಶೀದಿ ಇದೆ. ಅವನು ಬಂದು ಕೂರುವುದು ಜಗಲಿಯಲ್ಲಿ, ಮಾತಾಡುವುದು ಮನೆಯ ಗಂಡಸರೊಡನೆ. ಮಲ್ಲಿಗೆಗೆ ಹಾಗೆ ಜಗಲಿಗೆ ಬಂದು ವಾದಿಸುವವರು ಯಾರೂ ಇಲ್ಲ. ಯಾರು ಬರುತ್ತಾರೆ, ಯಾರಿಗೆ ಎಷ್ಟು ಉದ್ದ ಕೊಡಬೇಕು, ಯಾರಿಗೆ ಕೊಡದಿದ್ದರೆ ಹತ್ತು ವರ್ಷ ಮಾತು ಕೇಳಬೇಕು ಎಂದು ಬಲ್ಲವರು ಒಳಗಿದ್ದಾರೆ. ಅವರನ್ನು ಕೇಳುವುದು ಕೊನೆಗೆ, ಅದೂ ಉಳಿದ ಹಣವನ್ನು ಕೈಗಿಡುವಾಗ.

ಒಳಗಿನ ತಟ್ಟೆಯೂ ಎಲ್ಲ ಕಡೆ ಸಮನಾಗಿ ನಿಲ್ಲುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಮುಗಿಸಿದ ವಿಧವೆಗೆ ಹೂವು ನಿಷಿದ್ಧವಲ್ಲ. ಆದರೂ ಎಷ್ಟೋ ಮದುವೆಗಳಲ್ಲಿ ಅಂಥವರ ಮುಂದೆ ತಟ್ಟೆ ಸರಕ್ಕನೆ ಸರಿದುಹೋಗುತ್ತದೆ. ಧರ್ಮ ಹೇಳದ ಈ ಕಟ್ಟಳೆಯನ್ನು ನಾವು ಎಲ್ಲಿಂದ ತಂದುಕೊಂಡೆವು? ಹೂವು ಕಡಿಮೆಯಿದ್ದಾಗ ಮೊದಲು ಕೈತಪ್ಪುವುದು ಅವರಿಗೇ. ತಟ್ಟೆ ತುಂಬಿದ್ದರೆ ಈ ನೆಪವನ್ನಾದರೂ ತೆಗೆದುಹಾಕಬಹುದು.

ಇಷ್ಟೆಲ್ಲ ಮಾತಾಡಿದ್ದಕ್ಕೆ ಶಿಕ್ಷೆಯೆಂಬಂತೆ, ಮುಂದಿನ ಮದುವೆ ನಮ್ಮ ಮನೆಯದೇ ಬಂತು, ಹೂವಿನ ಹೊಣೆಯೂ ನಮ್ಮ ಹೆಗಲಿಗೇ ಬಿತ್ತು. ಮೊತ್ತ ಅದೇ 60,000. ಗಂಡಸರ ವೇದಿಕೆಗೆ ಬಿಳಿ ಬಟ್ಟೆ ಸಾಕೆಂದೆವು. ಅಲಂಕಾರದವನಿಗೆ ಬೇಸರವಾಯಿತು. ಮಲ್ಲಿಗೆಯನ್ನೂ ನೀವೇ ತರಿಸಿಕೊಡಿ ಎಂದಾಗ "ಅದು ನಮ್ಮ ಲೈನ್ ಅಲ್ಲ ಸಾಯ್ಬ್ರೇ, ಅದರಲ್ಲಿ ಏನೂ ಉಳಿಯುವುದಿಲ್ಲ" ಎಂದು ಎದ್ದ. ನಾವೇ ಶಂಕರಪುರದ ಕಡೆಯ ಒಂದು ಮನೆಗೆ ವಾರ ಮೊದಲೇ ಹೇಳಿ ಬಂದೆವು. ದರ ಎಷ್ಟಾಗುತ್ತದೋ ಯಾರಿಗೂ ಗೊತ್ತಿಲ್ಲದ ಕಾರಣ ಮೂವತ್ತು ಸಾವಿರವನ್ನು ಮುಟ್ಟದೆ ಬದಿಗಿಟ್ಟೆವು.

ಚೀಟಿ ಹಿಡಿದು ಉಮ್ಮನ ಬಳಿ ಹೋದೆವು. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹದಿನೈದು ಅಟ್ಟೆ ಸಾಕಲ್ಲವೇ ಎಂದೆವು. ಬೆರಳು ಮಡಚಿ ಮಡಚಿ ಎಣಿಸಿದರು. "ಮೈಲಾಂಜಿ ರಾತ್ರಿಗೆ ಬೇರೆಯೇ ಬೇಕಲ್ಲ. ಮತ್ತೆ ಪಾತ್ರೆ ತೊಳೆಯುವವರು, ಹಾಲ್ ಗುಡಿಸುವವರು, ಅವರನ್ನು ಯಾರು ಲೆಕ್ಕ ಹಾಕಿದ್ದಾರೆ?" ಎಂದರು.

ಹದಿನೆಂಟು ಎಂದು ತಿದ್ದಿದೆವು. ಕಾರಿನ ಹೂವನ್ನು ಹೊಡೆದುಹಾಕಿದೆವು.