ಕೊಪ್ಪರಿಗೆ ಇಳಿಯುವ ಹೊತ್ತು

ಪಾಂಡವಪುರದ ಕಡೆ ಆಲೆಮನೆಗೆ ಕಬ್ಬು ತಂದು ಇಳಿಸಿದ ರೈತ ಮೊದಲು ಕೇಳುವುದು, ‘ನಮ್ದು ಎಷ್ಟೊತ್ಗೆ ಮುಗೀತದೆ?’ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇದಕ್ಕೆ ಕಣ್ಣಂದಾಜೇ ಉತ್ತರ. ಲೆಕ್ಕದ ಹುಚ್ಚಿರುವ ನಮ್ಮಂಥವರಿಗೆ ಮಾತ್ರ ಇದು ರಿಗ್ರೆಷನ್ನಿಗೆ ಹೇಳಿ ಮಾಡಿಸಿದ ಪ್ರಶ್ನೆ. ಅಡ್ಡ ಅಕ್ಷದಲ್ಲಿ ಕಬ್ಬಿನ ಟನ್ನು, ಲಂಬ ಅಕ್ಷದಲ್ಲಿ ಹಿಡಿದ ಗಂಟೆ, ಚುಕ್ಕಿಗಳ ನಡುವೆ ಒಂದು ಸರಳ ರೇಖೆ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ಪಥ ಹಿಡಿಯಲು ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ ಬೆಲ್ಲದ ಪಾಕಕ್ಕೂ ಆದೀತು.

ಆದರೆ ರೇಖೆ ಎಳೆದೊಡನೆ ತಕರಾರು ಶುರು. ಕಬ್ಬು ಕಡಿಮೆಯಿದ್ದಲ್ಲಿ ಚುಕ್ಕಿಗಳು ರೇಖೆಗೆ ಅಂಟಿಕೊಂಡಿರುತ್ತವೆ, ಹೆಚ್ಚಿದಂತೆಲ್ಲ ದಿಕ್ಕಾಪಾಲು. ಮಳೆಗೆ ನೆನೆದ ಸಿಪ್ಪೆ ಹಾಕಿದರೆ ಒಲೆ ಮಂಕಾಗಿ ಒಂದೊಂದು ಕೊಪ್ಪರಿಗೆಯೂ ತಡವಾಗುತ್ತದೆ. ಕಬ್ಬು ಹೆಚ್ಚಿದಷ್ಟೂ ಆ ತಡವೂ ಬೆಳೆಯುತ್ತದೆ. ತಡ ಹೀಗೆ ಗುಣಾಕಾರದಲ್ಲಿ ಬರುವಾಗ ಟನ್ನಿಗೂ ಗಂಟೆಗೂ ಲಾಗ್ ತೆಗೆಯಬೇಕು. ಗುಣಾಕಾರ ಸಂಕಲನಕ್ಕಿಳಿಯುತ್ತದೆ, ಚುಕ್ಕಿಗಳ ಹರಡು ಸಮನಾಗುತ್ತದೆ. ಕರೆಂಟು ಹೋಗಿ ಗಾಣ ನಿಂತ ಹೊತ್ತನ್ನು ಮಾತ್ರ ಇದರೊಳಗೆ ತುರುಕಬೇಡಿ. ಕಬ್ಬೆಷ್ಟು ಬಂದಿದೆ ಎಂದು ನೋಡಿಕೊಂಡು ಕರೆಂಟು ಹೋಗುವುದಿಲ್ಲವಲ್ಲ! ಅದನ್ನು ಬೇರೆ ಬರೆದಿಟ್ಟು ಕೊನೆಗೆ ಕೂಡಿಸಿಕೊಳ್ಳುವುದೇ ಮೇಲು.

ಲಾಗ್ ತೆಗೆಯುವುದು ಎಲ್ಲರಿಗೂ ಗೊತ್ತು. ಎಡವುವುದು ವಾಪಸು ಗಂಟೆಗೆ ಬರುವಾಗ. ಒಂದೇ ತೂಕದ ಕಬ್ಬು ತಂದ ಮೂವರಿಗೆ 8, 12, 18 ಗಂಟೆ ಹಿಡಿಯಿತು ಎಂದಿಟ್ಟುಕೊಳ್ಳಿ. ಲಾಗ್ ತೆಗೆದು ಸರಾಸರಿ ಮಾಡಿ ಹಿಂದಿರುಗಿದರೆ ಸಿಗುವುದು 12. ಅದು ಮಧ್ಯಾಂಕ, ಸರಾಸರಿಯಲ್ಲ. ಜಗಲಿಯಲ್ಲಿ ಕಾಯುವ ಒಬ್ಬ ರೈತನಿಗೆ ಇದು ನ್ಯಾಯವಾದ ಉತ್ತರವೇ. ಆದರೆ ಆಲೆಮನೆಯವನು ಮೂವರಿಗೂ 12ರಂತೆ ಕೂಡಿಸಿ 36 ಗಂಟೆಗೆ ಆಳು ಗೊತ್ತುಮಾಡಿದನೋ, ಕೆಟ್ಟ. ನಿಜವಾಗಿ ಹಿಡಿದದ್ದು 38. ಸರದಿ ಉದ್ದವಾದಷ್ಟೂ ಈ ಕೊರತೆ ಬೆಳೆಯುತ್ತಲೇ ಹೋಗುತ್ತದೆ.

ಇದಕ್ಕೆ ಸಂಖ್ಯಾಶಾಸ್ತ್ರಜ್ಞ ನೈಹುವಾ ದುವಾನ್ 1983ರಲ್ಲಿ ಕೊಟ್ಟ ಪರಿಹಾರ ನನಗೆ ಬಲು ಇಷ್ಟ, ಕಾಗದ ಪೆನ್ಸಿಲಿನಲ್ಲೇ ಮುಗಿಯುತ್ತದೆ. ಹಿಡಿದ ಗಂಟೆಯನ್ನು ಅಂದಾಜಿನಿಂದ ಭಾಗಿಸಿ: 0.67, 1, 1.5. ಇವುಗಳ ಸರಾಸರಿ ಸುಮಾರು 1.056. ಅದರಿಂದ 12ನ್ನು ಗುಣಿಸಿದರೆ 12.67, ಮೂವರಿಗೆ ಸರಿಯಾಗಿ 38. ಯಾರಾದರೂ ತಮ್ಮ ಲಾಗ್ ಲೆಕ್ಕವನ್ನು ಹೆಮ್ಮೆಯಿಂದ ತೋರಿಸಿದರೆ ನಾನು ಮೊದಲು ಹುಡುಕುವುದು ಈ ಗುಣಕವನ್ನೇ. ಆಳಿನ ಕೂಲಿ, ವಾರದ ಸರದಿ ಲೆಕ್ಕ ಹಾಕುವಾಗ ಗುಣಿಸಿ. ಜಗಲಿಯಲ್ಲಿ ಕೂತವನಿಗೆ 12 ಎಂದೇ ಹೇಳಿ.